ರವದಿ ಕ್ಯಾಸೆಟ್ಟಿನ ಕೊನೆಯ ಹೆಸರು

ಜಿನಮತಿ ಅಂದು ಕ್ಯಾಸೆಟ್ಟುಗಳ ಬೂಷ್ಟು ಒರೆಸುತ್ತಿದ್ದಳು.

ಸದಲಗಾದ ಪೇಟೆ ಓಣಿಯಲ್ಲಿ ಅವಳ ಅಪ್ಪ ತವನಪ್ಪನ ಅಂಗಡಿ. ಮುಂದೆ ಮೊಬೈಲ್ ಕವರು, ಚಾರ್ಜರು. ಹಿಂದಿನ ಕೋಣೆಯಲ್ಲಿ ಮಾತ್ರ ಹಳೆಯ ಕಾಲ ಇನ್ನೂ ಕಾಲು ಚಾಚಿ ಕೂತಿತ್ತು. ಗೋಡೆಯುದ್ದಕ್ಕೂ ಭಜನೆಯ ಕ್ಯಾಸೆಟ್ಟುಗಳು, ಒಂದರಿಂದ ಒಮ್ಮೆಗೇ ನಾಲ್ಕು ಪ್ರತಿ ತೆಗೆಯುವ ದೊಡ್ಡ ಮಷೀನು. ಮರುದಿನ ಗುಜರಿಯವನು ಬರುವವನಿದ್ದ. ಗುಜರಿಗೆ ಹಾಕುವುದಾದರೂ ಒರೆಸಿಯೇ ಹಾಕಬೇಕು ಎಂಬುದು ತವನಪ್ಪನ ಹಟ.

"ಖಾಲಿ ಕ್ಯಾಸೆಟ್ ಅದಾವೇನ್ರಿ?"

ತಲೆ ಎತ್ತಿದಳು. ಬಾಗಿಲಲ್ಲಿ ಒಬ್ಬ ತರುಣ. ಮೊಳಕಾಲಲ್ಲಿ ಹರಿದ ಪ್ಯಾಂಟು, ಹರಿದಲ್ಲಿಗೆ ಸಾಲಾಗಿ ಚುಚ್ಚಿದ ಪಿನ್ನುಗಳು. ಬೆರಳ ತುಂಬ ತಾಮ್ರದ ತಂತಿ ಕೊರೆದ ಗೀರುಗಳು. ಮೈಯಿಂದ ವಾರ್ನಿಶ್ ವಾಸನೆ.

ಈ ಕಾಲದಲ್ಲಿ ಕ್ಯಾಸೆಟ್ ಕೇಳುವ ಈ ಪ್ರಾಣಿ ಯಾವ ಊರಿನದಪ್ಪಾ!... ಎಂದುಕೊಂಡಳು.

"ಖಾಲಿ ಇಲ್ರಿ. ಭಜನಾ ಅದಾವು."

"ಭಜನಾದ ಮ್ಯಾಲ ಬ್ಯಾರೇದು ತುಂಬಾಕ ಬರತೈತೇನ್ರಿ?"

"ಬರತೈತಿ. ನೀವು ಯಾವ ದೇವರ ಪದ ತುಂಬಾವ್ರು?"

"ದೇವರದಲ್ರಿ... ಸಿಟ್ಟಿಂದು."

ಅವಳ ಕೈಯಲ್ಲಿದ್ದ ಬಟ್ಟೆ ಹಾಗೇ ನಿಂತಿತು.

ಅವನು ಫೋನು ತೆಗೆದು ಒಂದು ಹಾಡು ಹಚ್ಚಿದ. ಗಿಟಾರಂತೆ, ಡ್ರಮ್ಮಂತೆ. ಕೇಳಿದರೆ ತಗಡಿನ ಮೇಲೆ ಕಲ್ಲು ಸುರಿದ ಹಾಗೆ! ನಡುವೆ ಇವನದೇ ಕೂಗು:

'ಕಬ್ಬು ಸಿಹಿ ಅಂತ ಯಾರಂದ್ರು?
ನಮ್ಮವ್ವನ ಕೈ ನೆಕ್ಕಿ ನೋಡ್ರಿ!'

"ಅಯ್ಯ! ಮೋಟಾರ ಸುಟ್ಟಂಗ ಐತ್ರಿ ನಿಮ್ಮ ಪದ!"

"ಸುಟ್ಟ ಮೋಟಾರ ಕಟ್ಟೂದ ನನ್ನ ಕೆಲಸ್ರಿ. ಚಿಕ್ಕೋಡಿಯಾಗ ವೈಂಡಿಂಗ್ ಮಾಡತೀನಿ. ಸಮಾಧಾನ ಅಂತ, ಜುಗೂಳದಾಂವ. ಇದಕ್ಕ ಪಂಕ್ ಅಂತಾರ್ರಿ. ಗಿಟಾರದ ಮ್ಯಾಲ ಮೂರು ಕಡೆ ಬೆರಳು ಇಡಾಕ ಬಂದ್ರ ಸಾಕು, ಬಾಕಿದ್ದು ಗಂಟಲದ ಕೆಲಸ."

"ಹೆಸರು ಸಮಾಧಾನ... ಪದ ಹಿಂಗ!"

"ಹೆಸರು ಇಟ್ಟಾಕಿ ನಮ್ಮವ್ವ. ಈ ಪದಾನೂ ಆಕೀದ, ಕಬ್ಬು ಕಡಿಯೂವಾಗ ಹಾಡತಾಳ."

ಅವನು ನಕ್ಕ. ಜಿನಮತಿಗೂ ನಗು ಬಂತು. ಎಷ್ಟು ದಿನದ ಮೇಲೆ ಆ ಕೋಣೆಯಲ್ಲಿ ಯಾರೋ ನಕ್ಕಿದ್ದರು! ಅವಳು ಮಷೀನಿನ ಮೇಲಿನ ಚಾದರ ಸರಿಸಿದಳು.

ಮರುದಿನ ಬಂದ ಗುಜರಿಯವನು ಬರಿಗೈಲಿ ಹೋದ.

*

ಕಬ್ಬಿನ ಒಣಗಿದ ಗರಿಗೆ ನಮ್ಮ ಕಡೆ ರವದಿ ಎನ್ನುತ್ತಾರೆ. ಮೈಗೆ ತಾಗಿದರೆ ಗೀರುತ್ತದೆ. ಕಿಡಿ ತಾಗಿದರೆ ಭುಗಿಲ್ಲೆನ್ನುತ್ತದೆ. ಬೂದಿಯಾಗುವುದೂ ಅಷ್ಟೇ ಬೇಗ.

ಅವರ ಕ್ಯಾಸೆಟ್ ಕಂಪನಿಗೆ ಅದೇ ಹೆಸರು. ರವದಿ ರೆಕಾರ್ಡ್ಸ್!

ಕಂಪನಿ ಎಂದರೆ ಎಷ್ಟು ಜನ? ನಾಲ್ಕೇ ಜನ. ಹಾಡಲು ಸಮಾಧಾನ. ಡ್ರಮ್ಮಿಗೆ ನಿಪ್ಪಾಣಿಯ ಸುರಜ. ದಪ್ಪ ತಂತಿಯ ಗಿಟಾರಿಗೆ ರಾಯಬಾಗದ ಧರೆಪ್ಪ. ಮಷೀನು, ಟೇಪು, ಪ್ರತಿ ತೆಗೆಯುವುದೆಲ್ಲ ಜಿನಮತಿಯದು. ಚಿಕ್ಕೋಡಿಯಲ್ಲಿ ಬಿ.ಕಾಂ. ಮುಗಿಸಿ, ಹೆಣ್ಣು ನೋಡಲು ಬರುವವರಿಗೆ ಚಹಾ ಕೊಡುತ್ತ ಬೇಸತ್ತಿದ್ದ ಹುಡುಗಿಗೆ ಅದೊಂದು ಬೇರೆಯೇ ಬದುಕು!

ತವನಪ್ಪ ಮಾತ್ರ ಹಣೆ ಚಚ್ಚಿಕೊಂಡ. "ಮೂವತ್ತು ವರ್ಷ ದೇವರ ಹೆಸರು ತುಂಬಿದ ಮಷೀನ್ರೋ ಇದು! ಅದರಾಗ ಒದರೂದು ತುಂಬಾಕತ್ತೀರಲ್ಲ!"

"ಕಾಕಾ, ಒಂದ ಬದಿ ಅಷ್ಟ ಒದರತೀವ್ರಿ," ಎಂದ ಸುರಜ. "ಇನ್ನೊಂದ ಬದಿ ಭಜನಾ ಹಂಗ ಇಟ್ಟೀವಿ. ಪಾಪ ಅಲ್ಲಿಂದಲ್ಲಿಗೆ ವಜಾ!"

ತವನಪ್ಪನಿಗೂ ನಗು ತಡೆಯಲಾಗಲಿಲ್ಲ.

ರವದಿಗೆ ಒಂದು ಪದ್ಧತಿ ಇತ್ತು. ಫೋನಿನಲ್ಲಿ ಅಲ್ಲ, ನೇರ ಟೇಪಿಗೇ ಧ್ವನಿ ಹಿಡಿಯಬೇಕು. ಹಾಡೆಲ್ಲ ಮುಗಿದ ಮೇಲೆ, ಅದರಲ್ಲಿ ಕೈಯಿಟ್ಟ ಪ್ರತಿಯೊಬ್ಬರೂ ತಮ್ಮ ಹೆಸರು, ಊರು, ಕೈಕೆಲಸ ಹೇಳಬೇಕು. 'ಸುರಜ, ನಿಪ್ಪಾಣಿ, ತಂಬಾಕಿನ ಚೀಲ ಹೊರತೀನಿ.' ಹೀಗೆ. ಯಾರ ಹೆಸರನ್ನೂ ಬಿಡಬಾರದು, ಯಾರ ಮಾತನ್ನೂ ಕತ್ತರಿಸಬಾರದು. ಈ ಪದ್ಧತಿ ಹಾಕಿದವನು ಸಮಾಧಾನ.

"ನಮ್ಮವ್ವ ಇಪ್ಪತ್ತೈದು ವರ್ಷ ಕಬ್ಬು ಕಡದಾಳ. ಒಂದ ಸಕ್ಕರಿ ಚೀಲದ ಮ್ಯಾಲರ ಆಕಿ ಹೆಸರು ಬಂದೈತೇನು?" ಎಂದಿದ್ದ.

ಮೊದಲ ಕ್ಯಾಸೆಟ್ ನಲವತ್ತು ಪ್ರತಿ. ಕೊಲ್ಲಾಪುರದ ಒಂದು ಕಾಲೇಜಿನಲ್ಲಿ ಒಂದೇ ಮಧ್ಯಾಹ್ನಕ್ಕೆ ಖಾಲಿ! ಆಮೇಲೆ ಅಥಣಿಯ ಹುಡುಗರು ಬಂದರು, ಮೀರಜದ ಇಬ್ಬರು ಹುಡುಗಿಯರು ಬಂದರು. ಎರಡು ವರ್ಷದಲ್ಲಿ ಐದು ಕ್ಯಾಸೆಟ್. ಒಮ್ಮೆ ಜಪಾನಿನಿಂದ ಪತ್ರ ಬಂದಾಗ ಪೋಸ್ಟಮನ್ನು ಅಂಗಡಿಯ ಮೆಟ್ಟಿಲ ಮೇಲೆ ಕೂತು ಚಹಾ ಕುಡಿದೇ ಹೋದ.

ಕ್ಯಾಸೆಟ್ಟಿನ ಕವರಿಗೆ ಹಾಳೆ ಬರುತ್ತಿದ್ದದ್ದು ನಿಪ್ಪಾಣಿಯ ಪ್ರೆಸ್ಸಿನಿಂದ. ಅಚ್ಚು ತಪ್ಪಿ ಎಸೆದ ಮದುವೆ ಕಾರ್ಡುಗಳು! ಅವುಗಳ ಹಿಂಬದಿಗೆ ಇವರು ರವದಿಯ ಚಿತ್ರ ಒತ್ತುತ್ತಿದ್ದರು. ಒಂದು ಮಧ್ಯಾಹ್ನ ಇಬ್ಬರೇ ಕೂತು ಕಾರ್ಡು ಕತ್ತರಿಸುವಾಗ ಸಮಾಧಾನ ಒಂದನ್ನು ಎತ್ತಿ ಹಿಡಿದ.

"ಇಲ್ನೋಡ... ವರನ ಹೆಸರು ಹರದ ಹೋಗೈತಿ."

ಅವಳು ಬಗ್ಗಿ ನೋಡಿದಳು. 

"ವಧುವಿಂದೂ ಇಲ್ಲ," ಎಂದಳು ಮೆಲ್ಲಗೆ.

"ಮತ್ತ ಯಾರದರ ಬರೀಬೇಕಲ್ಲ..."

ಬರೆಯಲಿಲ್ಲ. ಪೆನ್ನು ಅವನ ಕೈಯಲ್ಲೇ ಉಳಿಯಿತು. ಆದರೆ ಆ ಕಾರ್ಡನ್ನು ಅವಳು ಕತ್ತರಿಸಲೂ ಇಲ್ಲ, ಬ್ಲೌಸಿನಲ್ಲಿ ಮಡಚಿಟ್ಟುಕೊಂಡಳು. ನೀವು-ತಾವು ಹೋಗಿ ನೀನು ಬಂದದ್ದು ಅಂದಿನಿಂದ.

*

ಆರನೆಯ ಕ್ಯಾಸೆಟ್ಟಿನ ಹೆಸರು 'ಕೈ'. ಅದರ ಕೊನೆಯ ಧ್ವನಿ ಅಕ್ಕುತಾಯಿಯದೇ ಆಗಬೇಕು ಎಂದು ಸಮಾಧಾನನ ಆಸೆ. ಅವ್ವನ ಧ್ವನಿ ಹಿಡಿಯಲು ಎಲ್ಲರೂ ಜುಗೂಳಕ್ಕೆ ಹೋದರು.

ಕೃಷ್ಣೆಯ ದಂಡೆಗೆ ಹೊಂದಿದ ಓಣಿ. ಗೋಡೆಯ ಮೇಲೆ ಬುದ್ಧ, ಬಾಬಾಸಾಹೇಬರು. ಅಕ್ಕುತಾಯಿ ತೆಳ್ಳಗಿನ ಹೆಂಗಸು. ಅಂಗೈ ಮಾತ್ರ ಒಣಗಿದ ತೊಗಲಿನ ಹಾಗೆ ಗಡುಸು. ಜಿನಮತಿ ಕೂರುವ ಮೊದಲೇ ಸ್ಟೀಲಿನ ಲೋಟ ತುಂಬಿ ತಂದು ಅವಳ ಎರಡೂ ಕೈಯಲ್ಲಿಟ್ಟಳು.

"ಕುಡಿ ನನ್ನವ್ವ. ಬಿಸಲಾಗ ಬಂದೀ."

ಜಿನಮತಿ ಕುಡಿದಳು. ನೀರು ತಣ್ಣಗಿತ್ತು.

ಸುರಜ ರೆಕಾರ್ಡರಿನ ಎರಡೂ ಬಟನ್ನು ಕೂಡಿಯೇ ಒತ್ತಿದ. ಅಕ್ಕುತಾಯಿ ಸೆರಗು ಸರಿ ಮಾಡಿಕೊಂಡು, ಮೈಕನ್ನು ಮಗುವಿನ ಗಲ್ಲದಂತೆ ಹಿಡಿದು ಮಾತಾಡಿದಳು.

"ನನ್ನ ಹೆಸರು ಅಕ್ಕುತಾಯಿ. ಊರು ಜುಗೂಳ. ಕೈಕೆಲಸ, ಕಬ್ಬು ಕಡಿಯೂದು. ಒಮ್ಮಿ ಸದಲಗಾದ ಕಡೆ ಕಡಿಯಾಕ ಹೋಗಿದ್ದೆ. ಬಾವಿ ಮಗ್ಗಲ ಹುಣಸಿಗಿಡ, ನೀಲಿ ಬಾಗಲದ ಮನಿ. ನೀರಡಿಸಿ ಜೀವ ಹೋಗಾಕತ್ತಿತ್ತು. ನೀರು ಕೇಳಿದೆ. ಒಂದು ಸಣ್ಣ ಹುಡುಗಿ ತಂಬಿಗಿ ಹಿಡಕೊಂಡು ಬಂತು. ಒಳಗಿಂದ ಅವರವ್ವ ಅಂದಳು, 'ಎತ್ತರಿಂದ ಸುರೀ, ಮುಟ್ಟಸಬ್ಯಾಡ' ಅಂತ. ಹುಡುಗಿ ಎತ್ತರಿಂದ ಬೊಗಸಿಗೆ ಸುರದ್ಲು. ಅದರ ಕೈ ನಡಗತಿತ್ತು. ಅರ್ಧಾ ನೀರು ನನ್ನ ಮೊಳಕೈ ಮ್ಯಾಲ ಹೋತು... ಆ ನೀರಿನ ನೀರಡಿಕಿ ಇನ್ನೂ ಹೋಗಿಲ್ಲ ನೋಡ್ರಿ. ಇಷ್ಟ ನನ್ನ ಮಾತು."

ಸುರಜ ಬಟನ್ನು ಒತ್ತಿ ಟೇಪು ನಿಲ್ಲಿಸಿದ.

ನೀಲಿ ಬಾಗಿಲು... ಬಾವಿಯ ಪಕ್ಕದ ಹುಣಸೆ... ಜಿನಮತಿಯ ಕೈಯಲ್ಲಿ ಖಾಲಿ ಲೋಟ ಇನ್ನೂ ಇತ್ತು. ಪೇಟೆಯಿಂದ ದೂರ ಹೊಲದಲ್ಲಿದ್ದ, ಗೆಳೆಯರು ಯಾರೂ ಇನ್ನೂ ನೋಡದ ಆ ಮನೆ ಅವಳದು. ಆ ತಂಬಿಗೆ ಅವಳಿಗೆ ಗೊತ್ತು. ಆ ನಡುಗುವ ಕೈ...

'ನಾನೇ! ಆ ಹುಡುಗಿ ನಾನೇ!'

ಆಗ ಒಂಬತ್ತು ವರ್ಷ ಅವಳಿಗೆ. ಯಾರಿಗೆ ಸುರಿದೆ ಎಂಬುದೂ ನೆನಪಿರಲಿಲ್ಲ. ಎಷ್ಟು ಮಂದಿಗೆ ಸುರಿದಿದ್ದಳೋ!

"ತಿರುಗಿ ಕೇಳೂನೇನವ್ವಾ?" ಎಂದ ಸಮಾಧಾನ.

"ಈಗ ಬ್ಯಾಡೋ. ಬಾಬಾಸಾಹೇಬರ ಜಯಂತಿ ದಿನ ಎಲ್ಲಾರ ಎದುರಿಗೆ ಕೇಳತೀನಿ. ನಮ್ಮ ಓಣ್ಯಾಗ ಟೇಪಿನ್ಯಾಗ ಮಾತಾಡಿದಾಕಿ ನಾನ ಮೊದಲ!"

ಅಕ್ಕುತಾಯಿ ಎಳೆಯ ಹುಡುಗಿಯಂತೆ ನಕ್ಕಳು.

*

ಜಯಂತಿಗೆ ನೂರು ಪ್ರತಿ ಬೇಕಿತ್ತು. ಜಿನಮತಿ ಮಷೀನಿನ ಮುಂದೆ ಕೂತಳು. ಕೊನೆಯ ಧ್ವನಿ ಬಂದಾಗಲೆಲ್ಲ ನಿಲ್ಲಿಸಿದಳು. ಸದಲಗಾದವರು ಯಾರು ಕೇಳಿದರೂ ಆ ಮನೆಯ ಗುರುತು ಹಿಡಿಯುತ್ತಾರೆ. ಅವ್ವನ ಮುಖ ಎಲ್ಲಿಡುವುದು?

ಅಲ್ಲ, ಅದು ನೆಪ. ನಿಜವಾದ ಭಯ ಬೇರೆ ಇತ್ತು. ಸಮಾಧಾನ ಒಂದು ದಿನ ನಮ್ಮ ಮನೆಗೆ ಬರುತ್ತಾನೆ. ಹುಣಸೆ ನೋಡುತ್ತಾನೆ. ಬಾಗಿಲು ನೋಡುತ್ತಾನೆ. ಆಮೇಲೆ ನನ್ನ ಕೈ ನೋಡುತ್ತಾನೆ...

ಬ್ಲೇಡು ತೆಗೆದಳು.

ಮೂಲ ಟೇಪಿನಿಂದ ಎರಡು ಮಾರು ಕತ್ತರಿಸಿದಳು. ತುದಿಗಳನ್ನು ಅಂಟಿಸಿದಳು. ಕತ್ತರಿಸಿದ ತುಂಡನ್ನು ಎಸೆಯಲು ಮನಸ್ಸು ಬರಲಿಲ್ಲ. ಸುತ್ತಿ ಒಂದು ಕುಂಕುಮದ ಡಬ್ಬಿಯಲ್ಲಿಟ್ಟಳು. ಯಾರ ಮಾತನ್ನೂ ಕತ್ತರಿಸಬಾರದು ಎಂಬ ಕಂಪನಿಯಲ್ಲಿ, ಬ್ಲೇಡು ಹಿಡಿದವಳು ಅವಳೇ ಆದಳು.

ಜಯಂತಿಯ ದಿನ ಜುಗೂಳದ ಸಮಾಜ ಮಂದಿರ ತುಂಬಿತ್ತು. ಮುಂದಿನ ಸಾಲಿನಲ್ಲಿ ಅಕ್ಕುತಾಯಿ, ಮಡಿಕೆ ಮುರಿಯದ ಬಿಳಿ ಸೀರೆ. ಹಾಡು ಮುಗಿದವು. ಹೆಸರುಗಳು ಬಂದವು. ಸುರಜ, ನಿಪ್ಪಾಣಿ... ಧರೆಪ್ಪ, ರಾಯಬಾಗ... ಜಿನಮತಿ, ಸದಲಗಾ... ಸಮಾಧಾನ, ಜುಗೂಳ...

ಅಕ್ಕುತಾಯಿ ಸೆರಗು ಹೊದ್ದು ನೆಟ್ಟಗೆ ಕೂತಳು.

ಖಟ್! ಟೇಪು ನಿಂತಿತು.

"ಆ ಬದಿಗೆ ಇರಬೇಕು. ತಿರುವಿ ಹಾಕ್ರಿ," ಎಂದಳು.

ತಿರುವಿ ಹಾಕಿದರು. ತಾಳ, ಮೃದಂಗ! ಹಳೆಯ ಭಜನೆ ಶುರುವಾಯಿತು. ಹಿಂದೆ ಕೂತವರು ಗೊಳ್ಳೆಂದು ನಕ್ಕರು. ಅಕ್ಕುತಾಯಿಯೂ ನಕ್ಕಳು. "ಹೋಗ್ಲಿ ಬಿಡ್ರಿ, ನಂದು ಒಡಕು ಧ್ವನಿ. ಟೇಪಿಗೂ ಸೇರಲಿಲ್ಲ." ಎದ್ದು, ಚಹಾದ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ಆ ಬೆನ್ನು! ಇಂದಿಗೂ ಜಿನಮತಿ ಕಣ್ಣು ಮುಚ್ಚಿದರೆ ಅದೇ ಬೆನ್ನು.

ಸಮಾಧಾನ ಅವಳ ಹತ್ತಿರ ಬಂದ. "ಎಲ್ಲಿ ಹೋತು ಅವ್ವನ ಮಾತು?"

ಆ ಕ್ಷಣ ನಿಜ ಹೇಳಬಹುದಿತ್ತು. ನಾಲಿಗೆ ಹೊರಳಿದ್ದು ಬೇರೆ ಕಡೆಗೆ.

"ಸುರಜ... ಬಟನ್ ಸರಿ ಒತ್ತಿರಲಿಲ್ಲ ಕಾಣಸತೈತಿ."

ಮುಂದಿನದನ್ನು ಹೇಳಲು ನನಗೂ ಬೇಸರ. ಸಮಾಧಾನ ಸುರಜನ ಅಂಗಿ ಹಿಡಿದ. ಸುರಜ ಜಿನಮತಿಯತ್ತ ಒಮ್ಮೆ ನೋಡಿದ.  ಡ್ರಮ್ಮು ಟೆಂಪೋಗೆ ಹಾಕಿಕೊಂಡು ಹೋದವನು ಮತ್ತೆ ಬರಲಿಲ್ಲ. "ಹೆಸರು ಉಳಸಾಕ ಬಂದ ಕಂಪನಿ, ಗೆಳ್ಯಾನ ಮಾನ ಉಳಸಲಿಲ್ಲ," ಎಂದು ಧರೆಪ್ಪನೂ ಬಿಟ್ಟ. ನೂರು ಪ್ರತಿಯನ್ನು ಯಾರೂ ಹಂಚಲಿಲ್ಲ. ರವದಿಗೆ ಕಿಡಿ ತಾಗಿತ್ತು.

"ಎಲ್ಲಾರೂ ಹೋಗ್ಯಾರ. ನೀನರ ಅದೀಯಲ್ಲ," ಎಂದ ಸಮಾಧಾನ, ಅಂಗಡಿಯ ಮೆಟ್ಟಿಲ ಮೇಲೆ ಕೂತು.

ಅವನು ಬೈದಿದ್ದರೆ ತಡೆಯುತ್ತಿದ್ದಳು. ಈ ನಂಬಿಕೆಯನ್ನು ಹೇಗೆ ತಡೆಯುವುದು? ಅಂದಿನಿಂದ ಅವನ ಫೋನು ಎತ್ತಲಿಲ್ಲ. ಅವನು ಅಂಗಡಿಗೆ ಬಂದರೆ ಹಿತ್ತಲಿಗೆ ಹೋದಳು. ಮೂರನೆಯ ಸಲ ಬಂದಾಗ ಅವನು ತವನಪ್ಪನಿಗೆ ಹೇಳುವವನಂತೆ, ಆದರೆ ಹಿತ್ತಲಲ್ಲಿದ್ದ ಅವಳಿಗೆ ಕೇಳಿಸುವಂತೆ ಹೇಳಿದ:

"ತಿಳೀತ್ರಿ. ಕ್ಯಾಸೆಟ್ಟಿಗೆ ನಡೀತಿದ್ದೆ, ಮನಿಗೆ ನಡ್ಯಾಂಗಿಲ್ಲ."

ಗೋಡೆಗೆ ಒರಗಿ ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅದಲ್ಲ ಎನ್ನಬೇಕು. ಅದಲ್ಲವಾದರೆ ಯಾವುದು ಎಂದು ಕೇಳಿದರೆ?

*

ಮೂರು ವರ್ಷ ಕಳೆಯಿತು.

ಜಯಂತಿಯ ಆ ವಾರವೇ ಅವಳು ಅಕ್ಕುತಾಯಿಗೆ ಒಂದು ಪತ್ರ ಬರೆದಿದ್ದಳು. ನಾಲ್ಕು ಹಾಳೆ. ವಿಳಾಸ ಬರೆದು, ಸ್ಟಾಂಪ್ ಹಚ್ಚಿ, ಕುಂಕುಮದ ಡಬ್ಬಿಯ ಅಡಿಗೆ ಇಟ್ಟಿದ್ದಳು. 'ಅಕ್ಕುತಾಯಿಗೆ ಓದಲು ಬರುವುದಿಲ್ಲ, ಸಮಾಧಾನನೇ ಓದಿ ಹೇಳಬೇಕಾಗುತ್ತದೆ' ಎಂದು ತನಗೆ ತಾನೇ ಹೇಳಿಕೊಂಡಳು. ಅಂಜುವವರಿಗೆ ನೆಪಗಳಿಗೇನು ಬರ?

ಹೆಣ್ಣು ನೋಡಲು ಬಂದವರಿಗೆಲ್ಲ ಒಲ್ಲೆ ಎಂದಳು. ನೀರಿನ ತಂಬಿಗೆ ಹಿಡಿದಾಗಲೆಲ್ಲ ಕೈ ಒಂಬತ್ತು ವರ್ಷದ ಹುಡುಗಿಯ ಕೈಯಾಗುತ್ತಿತ್ತು.

ಒಂದು ದಿನ ಅಂಗಡಿಗೆ ಒಡೆದ ಮೊಬೈಲು ಹಿಡಿದು ಬಂದವನು ಸುರಜ! ಈಗ ಮೀಸೆ ದಪ್ಪವಾಗಿತ್ತು.

"ಗಾಜು ಹಾಕಿಸಬೇಕಿತ್ತಕ್ಕಾ," ಎಂದ, ಏನೂ ಆಗದವನಂತೆ.

ಅವಳು ಗಾಜು ಅಂಟಿಸಿದಳು. ಎರಡು ಸಲ ಸೊಟ್ಟಾಯಿತು. 

"ಅಕ್ಕಾ... ಅವತ್ತು ಬಟನ್ ನಾ ಸರಿಯಾಗೇ ಒತ್ತಿದ್ದೆ."

"ನನಗ ಗೊತ್ತೈತಿ ಸುರಜ."

ಆ ಮೂರು ಮಾತು ಹೊರಗೆ ಬರಲು ಮೂರು ವರ್ಷ ಹಿಡಿದಿತ್ತು. ಅವಳು ಕೂತುಬಿಟ್ಟಳು. "ಕತ್ತರಿಸಿದಾಕಿ ನಾನ. ನಿನ್ನ ಮ್ಯಾಲ ಹಾಕಿದಾಕಿನೂ ನಾನ."

ಸುರಜ ಮೊಬೈಲನ್ನು ಅಂಗಿಗೆ ಒರೆಸಿದ.

"ನನಗೂ ಗೊತ್ತಿತ್ತು. ಅವತ್ತ ನಿಮ್ಮ ಮಾರಿ ನೋಡಿದ್ದೆ. ಹೇಳಿದ್ರ ಅಂವ ನಿಮ್ಮನ್ನೂ ಕಳಕೋತಿದ್ದ. ನನ್ನೊಬ್ಬನ್ನ ಕಳಕೊಂಡ್ರ ಸಾಕು ಅಂದೆ. ಆದರ ಅಂವಗ ಯಾರೂ ಉಳೀಲೇ ಇಲ್ಲಲ್ರಿ! ನನಗ್ಯಾಕ ಹೇಳತೀರಿ ಇದನ್ನ? ನಾಳಿ ಮುಂಜಾನಿ ಚಿಕ್ಕೋಡಿಗೆ ಬಸ್ ಐತಿ."

*

ವೈಂಡಿಂಗ್ ಅಂಗಡಿಯಲ್ಲಿ ಸಮಾಧಾನ ಮೋಟಾರಿಗೆ ತಂತಿ ಸುತ್ತುತ್ತಿದ್ದ. ತುಟಿ ಎಣಿಸುತ್ತಿತ್ತು. ಕಿವಿಯ ಹತ್ತಿರ ಒಂದೆರಡು ಬಿಳಿ ಕೂದಲು. ಅವಳನ್ನು ನೋಡಿ ಕೈ ಒಂದು ಗಳಿಗೆ ತಡೆದು, ಮತ್ತೆ ಸುತ್ತತೊಡಗಿತು.

"ಬರ್ರಿ. ಯಾವ ಮೋಟಾರ ಸುಟ್ಟೈತ್ರಿ?"

ಆ 'ರಿ' ಚೂರಿಯ ಹಾಗೆ ಹೋಯಿತು.

ಜಿನಮತಿ ಕುಂಕುಮದ ಡಬ್ಬಿಯನ್ನು ಅವನ ಮುಂದೆ ಇಟ್ಟು ಮುಚ್ಚಳ ತೆಗೆದಳು. ಸುತ್ತಿದ ಕಂದು ಟೇಪು.

"ಅವ್ವನ ಮಾತು. ಸುರಜನ ತಪ್ಪಿಲ್ಲ. ನಾ ಕತ್ತರಿಸಿದೆ."

ತಂತಿ ನಿಂತಿತು.

"ಯಾಕ?"

"ಆ ನೀಲಿ ಬಾಗಲ ನಮ್ಮ ಮನೀದು. ತಂಬಿಗಿ ಹಿಡದು ಎತ್ತರಿಂದ ಸುರದ ಹುಡುಗಿ... ನಾನ."

ಹೊರಗೆ ಕೋರ್ಟಿಗೆ ಹೋಗುವವರ ಗದ್ದಲ.  ಅವನು ಟೇಪನ್ನು ಮುಟ್ಟಲಿಲ್ಲ. ಹೇಳಿದ:

"ಜಾತಿಗಂಜಿ ನನ್ನ ಬಿಟ್ರಿ ಅಂತ ತಿಳಿದಿದ್ದೆ."

"ಅದೂ ಪೂರಾ ಸುಳ್ಳಲ್ಲ. ನನ್ನ ಕೈಯಾಗ ಅದಿತ್ತು. ನೀ ನೋಡಬಾರದಂತ ಮುಚ್ಚಿಟ್ಟೆ. ನಿನ್ನನ್ನ ಒಲ್ಲೆ ಅಂತ ಮಾತ್ರ... ಒಂದ ದಿನಾನೂ ಅಂದಿಲ್ಲ."

ಅವನ ಕಣ್ಣು ತುಂಬಿದವು. ಸಿಟ್ಟಿಗೋ, ದುಃಖಕ್ಕೋ ಅವನಿಗೂ ತಿಳಿಯಲಿಲ್ಲ. "ಒಂಬತ್ತು ವರ್ಷದ ಹುಡುಗಿನ ನಾ ಏನೂ ಅನ್ನಾಂಗಿಲ್ಲ. ಬ್ಲೇಡ್ ಹಿಡದಾಕಿಗೆ ವಯಸ್ಸಾಗಿತ್ತಲ್ಲ! ಅವ್ವ ಅವತ್ತಿಂದ ಹಾಡೂದ ಬಿಟ್ಟಾಳ, ಗೊತ್ತೈತೇನು? ನನ್ನ ಧ್ವನಿ ಚಲೋ ಇಲ್ಲ ಅಂತಾಳ!"

ಜಿನಮತಿ ತಲೆ ತಗ್ಗಿಸಿದಳು.  ಸಮರ್ಥನೆ ಹೇಳಬಾರದು ಎಂದೇ ಬಂದಿದ್ದಳು. ಚೀಲದಿಂದ ಹಳೆಯ ಪತ್ರ ತೆಗೆದಳು. ಸ್ಟಾಂಪಿನ ಬಣ್ಣ ಮಾಸಿತ್ತು.

"ಆಗ ಬರದದ್ದು. ಆಕೀಗಿ ಓದಾಕ ಬರೂದಿಲ್ಲಂತ..."

"ಬರತೈತಿ."

"ಆಂ?"

"ಸಂಜೀಕ ಹೆಂಗಸರ ಸಾಲಿ ನಡಸತಾರ ಸಮಾಜ ಮಂದಿರದಾಗ. ಹೋದ ವರ್ಷದಿಂದ ಹೋಗತಾಳ. ಬಸ್ಸಿನ ಬೋರ್ಡ ಎಲ್ಲಾ ಓದತಾಳ ಈಗ, ತಪ್ಪಿದ್ರ ಕಂಡಕ್ಟರಗ ಬೈತಾಳ." ಅವನ ತುಟಿಯ ಮೇಲೆ ಸಣ್ಣ ನಗು ಸುಳಿದು ಹೋಯಿತು. "ಆದರ ಆಕೀಗಿ ಇಲ್ಲೀತನಕ ಯಾರೂ ಪತ್ರ ಬರದಿಲ್ಲ. ಸಣ್ಣ ಅಕ್ಷರ ಕಾಣಸೂದಿಲ್ಲ. ದೊಡ್ಡ ಅಕ್ಷರದಾಗ ಬರಿ."

ಬರಿ... ಬರೀರಿ ಅನ್ನಲಿಲ್ಲ! ಅವಳ ಎದೆ ತಂಪಾಯಿತು.

ಹಳೆಯ ಪತ್ರ ಬಿಚ್ಚಿ ಓದಿದಳು. ನಾಲ್ಕು ಹಾಳೆಯ ತುಂಬ ಕಾರಣಗಳೇ. ಅವ್ವ ಹೇಳಿದಳು, ಊರು ಏನಂದೀತು, ನಾನು ಸಣ್ಣವಳು... ನಾಚಿಕೆಯಾಯಿತು. ಹರಿದು ಹಾಕಿ, ಅಂಗಡಿಯ ಸ್ಟೂಲಿನ ಮೇಲೆ ಕೂತು ಒಂದೇ ಹಾಳೆ ಬರೆದಳು, ಬೆರಳಿನಷ್ಟು ದೊಡ್ಡ ಅಕ್ಷರದಲ್ಲಿ. ಅವನು ಓದಲು ಕೇಳಲಿಲ್ಲ. ಎಣಿಕೆ ತಪ್ಪಿದ ತಂತಿಯನ್ನು ಬಿಚ್ಚಿ ಮೊದಲಿನಿಂದ ಸುತ್ತುತ್ತಿದ್ದ.

ಪೋಸ್ಟಾಫೀಸಿಗೆ ಮಾತ್ರ ಜೊತೆಗೆ ನಡೆದ.

ಲಕೋಟೆಗೆ ಪತ್ರ ಸೇರಿತು, ಡಬ್ಬಿಯ ಟೇಪು ಸೇರಿತು. ಕೌಂಟರಿನ ಹೆಂಗಸು ತೂಗಿ ನೋಡಿದಳು. "ಒಳಗೇನೈತ್ರಿ?"

"ಒಬ್ಬರ ಮಾತು ನನ್ನ ಕಡೆ ಉಳಿದಿತ್ರಿ. ತಿರುಗಿ ಕಳಸಾಕತ್ತೀನಿ."

ಸ್ಟಾಂಪು ಹಚ್ಚಲು ಲಕೋಟೆ ಮರಳಿ ಕೊಟ್ಟ ಆಕೆ ಮತ್ತೆ ಕೈ ಚಾಚಿದಾಗ ಜಿನಮತಿ ಅದನ್ನು ಬಿಡಲಿಲ್ಲ. ಬೆರಳು ನಡುಗುತ್ತಿತ್ತು. ಅದೇ ಹಳೆಯ ನಡುಕ.

"ಆಕಿ ಒಲ್ಲೆ ಅಂದ್ರ?" ಎಂದಳು ಸಮಾಧಾನನಿಗೆ ಮಾತ್ರ ಕೇಳಿಸುವಂತೆ.

"ಅನ್ನಬಹುದು. ಅದು ಆಕಿ ಹಕ್ಕು. ಆಕಿ ಓದೂ ತನಕ ನಾನೂ ಏನೂ ಅನ್ನಾಂಗಿಲ್ಲ."

"ಕಾಯತೀನಿ."

 ಅವನು ಹಳೆಯ ಧ್ವನಿಯಲ್ಲಿ, ಮೊದಲ ದಿನ ಅಂಗಡಿಯ ಬಾಗಿಲಲ್ಲಿ ನಿಂತವನ ಧ್ವನಿಯಲ್ಲಿ ಕೇಳಿದ:

"ಕಡೀಕ ನಮ್ಮ ಪದ್ಧತಿ ಮಾಡೀಯಿಲ್ಲೋ? ಹೆಸರು, ಊರು, ಕೈಕೆಲಸ?"

"ಮಾಡೀನಿ."

"ಕೈಕೆಲಸ ಏನಂತ ಬರದೀ?"

"ಎತ್ತರಿಂದ ನೀರು ಸುರದದ್ದು. ನಿಮ್ಮ ಮಾತು ಕತ್ತರಿಸಿದ್ದು. ಇಷ್ಟ ಬರದೀನಿ."

ಸಮಾಧಾನ ಅವಳ ಕೈ ನೋಡಿದ. ಅವಳು ಮೂರು ವರ್ಷ ಮುಚ್ಚಿಟ್ಟ ಕೈ. ಅವನ ಗೀರುಬಿದ್ದ ಬೆರಳುಗಳು ಮೆಲ್ಲಗೆ ಬಂದು ಲಕೋಟೆಯ ಇನ್ನೊಂದು ತುದಿ ಹಿಡಿದವು.

"ಬಿಡು ಜಿನಮತಿ. ಹೋಗಲಿ ಅದು, ಜುಗೂಳಕ್ಕ."

ಅವಳು ಬಿಟ್ಟಳು. ಕೌಂಟರಿನ ಹೆಂಗಸು ಠಸ್ಸೆಂದು ಮುದ್ರೆ ಒತ್ತಿ, ಪತ್ರವನ್ನು ಜುಗೂಳದ ಟಪಾಲು ಹೋಗುವ ಕಾಗವಾಡದ ಚೀಲಕ್ಕೆ ಹಾಕಿದಳು.